ಖಾಲಿ ಕೇಳುವುದು

ಆಂಪ್ಲಿಫೈಯರ್ ಅವನ ತೊಡೆಯ ಮೇಲಿತ್ತು. ಹಿಂದಿನ ಸೀಟಿನಲ್ಲಿ ಭಾಮೈದ ಕಂಬಳಿ ಹಾಸಿದ್ದ. ಆದರೂ ಅವನು ಅದನ್ನು ಎತ್ತಿಕೊಂಡೇ ಮುಂದೆ ಕೂತ. 'ಕೂಸು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀರಿ ಭಾವ, ಉಚ್ಚೆ ಹೊಯ್ದೀತು' ಎಂದು ಭಾಮೈದ ಪ್ರತಿ ಸಲವೂ ಹೇಳುತ್ತಿದ್ದ. ಈ ಸಲ ಹೇಳಲಿಲ್ಲ. ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ಕಾಲು ಜೋಮು ಹಿಡಿಯುತ್ತಿತ್ತು. ರಸ್ತೆಯ ಉಬ್ಬುಗಳಲ್ಲಿ ಕಾರು ಹಾರಿದಾಗಲೆಲ್ಲ ಅವನು ಅಂಗೈಯನ್ನು ಗಾಜಿನ ವಾಲ್ವ್‌ಗಳ ಮೇಲೆ ಕೊಡೆಯಂತೆ ಹಿಡಿಯುತ್ತಿದ್ದ. ಅವನಿಗಿಂತ ಹಿರಿಯ ಯಂತ್ರ ಅದು. ದನದ ಡಾಕ್ಟರದು. ಅವರು ಕೊಟ್ಟಾಗ ಒಳಗೆ ಇಲಿ ಗೂಡು ಕಟ್ಟಿತ್ತು, ತಂತಿಗಳ ಸಿಪ್ಪೆ ಉದುರುತ್ತಿತ್ತು, ಒಂದು ಬದಿಯ ಸ್ಪೀಕರು ಮಾತ್ರ ಗೊಗ್ಗರು ದನಿಯಲ್ಲಿ ಮಾತಾಡುತ್ತಿತ್ತು. ಅದನ್ನೆಲ್ಲ ಅವನು ಸರಿಮಾಡಿದ್ದ. ಆದರೂ ನಿನ್ನೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಿಟೀಲಿನ ರೆಕಾರ್ಡು ಹಾಕಿ ಕೇಳಿದಾಗ, ಪಿಟೀಲಿನವನು ಒದ್ದೆ ಕಂಬಳಿ ಹೊದ್ದು ನುಡಿಸುತ್ತಿದ್ದ ಹಾಗಿತ್ತು. ಸಂಜೆಯವರೆಗೆ ಅವನು ಆ ಕಂಬಳಿಯನ್ನು ಎಳೆಯಲು ನೋಡಿದ್ದ.

ಕಳೆದೊಂದು ವರ್ಷದಿಂದ ಅಂಗಡಿಗೆ ಬಂದ ಎಲ್ಲ ಆಂಪ್ಲಿಫೈಯರುಗಳೂ ಅವನಿಗೆ ಹೀಗೆಯೇ ಮಂಕಾಗಿ ಕೇಳುತ್ತಿದ್ದವು. ಮೊದಲು ಅವನು ಹೊಸ ಕೆಪಾಸಿಟರುಗಳನ್ನು ಬೈದ. ಆಮೇಲೆ ಈಗಿನ ಕಾಲದ ವಾಲ್ವ್‌ಗಳನ್ನು, ಸವೆದ ರೆಕಾರ್ಡುಗಳನ್ನು, ಕರೆಂಟನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಒಮ್ಮೆ ಅಂದದ್ದು ಬೇರೆ ಯಾವುದೋ ಮಾತಿಗೆ. ಅವನು ಮಾತ್ರ ಅದು ತನಗೇ ಎಂದುಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಇಂಥ ಯಂತ್ರಗಳ ಹೊಟ್ಟೆಯಲ್ಲಿ, ಹೊರಬೀಳುವ ಶಬ್ದದ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಬಂದ ಶಬ್ದದ ಜೊತೆ ಹೋಲಿಸಿ ತಿದ್ದುವ ದಾರಿಯೊಂದಿರುತ್ತದೆ. ಆ ದಾರಿಯ ಮೇಲೆ ಕಡಲೆಬೇಳೆಯಷ್ಟು ದಪ್ಪದ ಒಂದು ಕೆಪಾಸಿಟರು ಕೂತಿರುತ್ತದೆ. ತೀರ ಮೇಲಿನ ಸ್ವರಗಳು ಕೈಮೀರಿ ಓಡದಂತೆ ಅದು ಲಗಾಮು ಹಿಡಿಯುತ್ತದೆ. ಅವನು ಕೆಲಸ ಕಲಿತ ಅಂಗಡಿಯ ಹಳೆಯ ಯಜಮಾನ ಅದರ ಸುತ್ತ ಕೆಂಪು ಬಣ್ಣ ಬಳಿದು 'ಇದು ಕಟ್ಟಿದವನ ಮನಸ್ಸು, ಮುಟ್ಟಬೇಡ' ಅನ್ನುತ್ತಿದ್ದ. ಅವನು ಮುಟ್ಟಿದ. ಅದನ್ನು ಕಿತ್ತು ಎಸಳಿನಂಥ ಸಣ್ಣದೊಂದನ್ನು ಹಾಕಿದ. ಕಂಬಳಿ ಸ್ವಲ್ಪ ಸರಿಯಿತು. ಮೊದಮೊದಲು ಗಿರಾಕಿಗಳು ಹೊಗಳಿದರು: ಏನು ಹೊಳಪು, ಏನು ಮಿಂಚು. ಅಂದಿನಿಂದ ಬಂದ ಯಂತ್ರಕ್ಕೆಲ್ಲ ಅವನು ಅದನ್ನೇ ಮಾಡುತ್ತ ಬಂದ, ಒಂದಕ್ಕಿಂತ ಒಂದರಲ್ಲಿ ಇನ್ನಷ್ಟು ಸಣ್ಣದು ಹಾಕುತ್ತ. ಡಾಕ್ಟರದರಲ್ಲಿ ಏನನ್ನೂ ಹಾಕಿರಲಿಲ್ಲ. ಖಾಲಿ ಬಿಟ್ಟಿದ್ದ. ಸ್ಪೀಕರಿನ ಜಾಗದಲ್ಲಿ ದಪ್ಪನೆಯ ರೆಸಿಸ್ಟರು ಕಟ್ಟಿ, ಶಬ್ದವನ್ನು ಗೆರೆಯಾಗಿ ತೋರಿಸುವ ಸ್ಕೋಪಿನಲ್ಲಿ ನೋಡಿದಾಗ ಹಸಿರು ಗೆರೆ ನೆಟ್ಟಗಿತ್ತು. ಮನೆಯ ಉದ್ದದ ತಂತಿ, ದೊಡ್ಡ ಸ್ಪೀಕರು ಸೇರಿದರೆ ಗೆರೆ ನೆಟ್ಟಗೇ ಇರುತ್ತದೆಂದು ಹೇಳಲಾಗದು. ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಯೋಚಿಸದೆ ಇರುವುದು ಈಚೆಗೆ ಅವನಿಗೆ ಅಭ್ಯಾಸವಾಗಿತ್ತು.

ಡಾಕ್ಟರ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ಅವರೇ, ದೊಡ್ಡ ಆಳು, ತೋಳು ಮಡಚಿದ ಅಂಗಿ, ಎಷ್ಟು ತೊಳೆದರೂ ಹೋಗದ ಔಷಧಿಯ ವಾಸನೆ. "ಬನ್ನಿ, ಬನ್ನಿ. ಆಪರೇಷನ್ ಆಯ್ತಾ? ಪೇಷಂಟು ಉಳೀತಾ?" ಭಾಮೈದ ತನ್ನ ವ್ಯಾಪಾರದ ನಗು ನಕ್ಕು, "ಎದ್ದು ಓಡಾಡ್ತಿದೆ ಡಾಕ್ಟ್ರೇ" ಅಂದ. ಆಳೆತ್ತರದ ಸ್ಪೀಕರುಗಳ ನಡುವೆ, ಗೋಡೆಗೆ ಒರಗಿದ ಮೇಜಿನ ಮೇಲೆ ಅವನು ಆಂಪ್ಲಿಫೈಯರನ್ನಿಟ್ಟು ತಂತಿ ಸಿಕ್ಕಿಸಿದ. ವಾಲ್ವ್‌ಗಳು ಕಾಯುವವರೆಗೆ ಮಾತು. ಡಾಕ್ಟರು ಮಾತಿನ ಮನುಷ್ಯ. ಊರಿನಲ್ಲಿ ಇಂಥ ಹಳೆಯ ಯಂತ್ರಗಳ ಹುಚ್ಚು ಹಿಡಿದವರ ಗುಂಪೊಂದಿತ್ತು. ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕೇಳುತ್ತಿದ್ದರು, ಅಂಗಡಿಯ ಹೊಟ್ಟೆ ತುಂಬುತ್ತಿದ್ದದ್ದೇ ಅವರಿಂದ. ಅವನನ್ನು ಆ ಗುಂಪಿಗೆ ಪರಿಚಯಿಸಿದ್ದು ಡಾಕ್ಟರೇ. 'ಇವರ ಕಿವಿ ಅಂದ್ರೆ ಕಿವಿ. ಗೋಡೆ ಆಚೆ ಇರುವೆ ಕೆಮ್ಮಿದ್ರೆ ಹೇಳ್ತಾರೆ' ಎಂದು ಅವರು ಅಂದಿದ್ದರು. ಆ ಮಾತನ್ನು ಅವನು ಹೆಂಡತಿಗೆ ಹೇಳಿ, ಅವಳು ನಗಲಿಲ್ಲವೆಂದು ಬೇಸರಪಟ್ಟಿದ್ದ.

ಈಗ ಡಾಕ್ಟರು ಕಿಟಕಿ ಮುಚ್ಚುತ್ತ, ಊರು ಕೆಟ್ಟುಹೋಯಿತು, ಮೊದಲೆಲ್ಲ ಸಂಜೆಯಾದರೆ ಜೀರುಂಡೆಗಳ ದನಿ ಕೇಳುತ್ತಿತ್ತು, ಈಗ ಅದೂ ಇಲ್ಲ ಎಂದರು. ಅವನಿಗೆ ಖುಷಿಯಾಯಿತು. ಅದು ಅವನದೇ ಸಿದ್ಧಾಂತ. "ಔಷಧಿ ಹೊಡೆದು ಹೊಡೆದು ಹುಳ ಎಲ್ಲ ಸತ್ತುಹೋದವು ಡಾಕ್ಟ್ರೇ. ನಮ್ಮ ಬೀದೀಲೂ ಒಂದೂ ಇಲ್ಲ."

"ದಿನಾ ಕೂಗ್ತಾವಲ್ಲ," ಒಳಬಾಗಿಲಲ್ಲಿ ನಿಂತಿದ್ದ ಡಾಕ್ಟರ ಹೆಂಡತಿ ಅಂದಳು. ಗಂಡನಿಗಿಂತ ಬಹಳ ಚಿಕ್ಕವಳು, ಸಣ್ಣ ಮೈ, ಮಾತಾಡುವ ಮುಂಚೆ ಅನುಮತಿ ಕೇಳುವ ಹಾಗೆ ಒಂದು ಕ್ಷಣ ತಡೆಯುವ ಅಭ್ಯಾಸ. "ಕತ್ತಲಾದ್ರೆ ಸಾಕು, ತಲೆ ಚಿಟ್ಟುಹಿಡಿಯೋ ಹಾಗೆ."

"ಇವಳಿಗೆ ಇಲ್ಲದ್ದೆಲ್ಲ ಕೇಳುತ್ತೆ," ಎಂದು ಡಾಕ್ಟರು ನಕ್ಕರು. ಭಾಮೈದನೂ ನಕ್ಕ. ಅವನೂ ನಕ್ಕ.

ವಾಲ್ವ್‌ಗಳು ಕಿತ್ತಳೆ ಬಣ್ಣಕ್ಕೆ ಬಂದವು. ರೆಕಾರ್ಡು ಹಾಕುವ ಮುಂಚೆ ಮಾಡುವ ಕೆಲಸವೊಂದಿದೆ. ಅಂಗಡಿಯಲ್ಲಿ ಅದಕ್ಕೆ ಖಾಲಿ ಕೇಳುವುದು ಅನ್ನುತ್ತಾರೆ. ಹಾಡಿಲ್ಲ, ಮಾತಿಲ್ಲ, ವಾಲ್ಯೂಮನ್ನು ಪೂರ್ತಿ ತಿರುಗಿಸಿ ಯಂತ್ರ ಏನೂ ಹೇಳದೆ ಇರುವುದನ್ನು ಕೇಳುವುದು. ಕಳಪೆ ಕೆಲಸವಾದರೆ ಅದು ಗುಂಯ್ಗುಡುತ್ತದೆ, ಚಿಟಗುಡುತ್ತದೆ, ಮಳೆ ಸುರಿಯುತ್ತದೆ. ಒಳ್ಳೆಯ ಕೆಲಸವಾದರೆ ಏನೂ ಇಲ್ಲ. ರೆಕಾರ್ಡಿನಲ್ಲಿ ಯಾರು ಬೇಕಾದರೂ ಮೋಸ ಮಾಡಬಹುದು, ಖಾಲಿಯಲ್ಲಿ ಮೋಸವಿಲ್ಲ. ಅವನು ಗುಂಡಿಯನ್ನು ಬಲಕ್ಕೆ ತುದಿಯವರೆಗೆ ತಿರುಗಿಸಿ ಕಣ್ಣು ಮುಚ್ಚಿದ. ಏನೂ ಇರಲಿಲ್ಲ. ಇಷ್ಟು ಪೂರ್ತಿಯಾದ ಏನೂ ಇಲ್ಲದಿರುವಿಕೆ ಅವನಿಗೆ ಈವರೆಗೆ ಯಾವ ಯಂತ್ರದಲ್ಲೂ ಸಿಕ್ಕಿರಲಿಲ್ಲ. ಎದೆಯಲ್ಲಿ ಏನೋ ಹಗುರಾಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಅಂದುಕೊಂಡ. ಕಣ್ಣು ತೆರೆದಾಗ ಮೊದಲು ಕಂಡದ್ದು ಭಾಮೈದನ ಮುಖ. ಹುಳಿ ಕಚ್ಚಿದವನ ಹಾಗೆ ದವಡೆ ಬಿಗಿದುಕೊಂಡಿತ್ತು. ಅವನು ನೋಡುತ್ತಿದ್ದಂತೆ ಆ ಮುಖದ ಮೇಲೆ ನಗು ಬಂದು ಕೂತಿತು. ಆಚೆ, ಒಳಬಾಗಿಲಲ್ಲಿ, ಡಾಕ್ಟರ ಹೆಂಡತಿ ಕಿವಿಯ ಮೇಲೆ ಅಂಗೈ ಒತ್ತಿಕೊಂಡಿದ್ದಳು.

"ಅದೇನು ಆ ಸದ್ದು? ಆಫ್ ಮಾಡಿ ಮೊದಲು."

"ಯಾವ ಸದ್ದು?" ಡಾಕ್ಟರು ಕೇಳಿದರು.

"ಸಣ್ಣಗೆ. ಸೂಜಿ ಚುಚ್ಚಿದ ಹಾಗೆ. ಕುಯ್ ಅಂತ."

ಡಾಕ್ಟರು ಬಾಗಿ ಸ್ಪೀಕರಿಗೆ ಕಿವಿ ಹಚ್ಚಿದರು, ಗಬ್ಬದ ಹಸುವಿನ ಹೊಟ್ಟೆಗೆ ಹಚ್ಚುವಂತೆ. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಅವರ ದನಿ ಮೆತ್ತಗಾಗಿತ್ತು. "ಏನೂ ಇಲ್ಲ ಕಣೇ. ಬಾವಿ ಇದ್ದ ಹಾಗಿದೆ." ಆಮೇಲೆ ಇನ್ನೂ ಮೆತ್ತಗೆ, "ಮತ್ತೆ ಶುರುವಾಯ್ತಾ?"

ಡಾಕ್ಟರು ಬಂದವರ ಕಡೆ ತಿರುಗಿ, ಯಾವುದೋ ದನದ ರೋಗದ ಚರಿತ್ರೆ ಒಪ್ಪಿಸುವಂತೆ ಹೇಳಿದರು: ಹೋದ ವರ್ಷ ಪೂರ್ತಿ ಇವಳಿಗೆ ಕಿವಿಯಲ್ಲಿ ಸದ್ದು, ಇಲ್ಲದ ಸದ್ದು. ನಿದ್ದೆಯಿಲ್ಲ, ಅಳು. ದೊಡ್ಡ ಡಾಕ್ಟರಿಗೆ ತೋರಿಸಿ ಮಾತ್ರೆ ಕೊಡಿಸಿ ಈಗಷ್ಟೇ ಸರಿಹೋಗಿತ್ತು.

"ಅದು ಒಳಗಿಂದ ಬರ್ತಿತ್ತು. ಇದು ಹೊರಗಿಂದ," ಅಂದಳು ಅವಳು. ಅಂಗೈ ಇನ್ನೂ ಕಿವಿಯ ಮೇಲಿತ್ತು. ಅವನ ಕಡೆ ನೋಡಿದಳು. "ನೀವು ಹೇಳಿ. ನಿಮಗೆ ಕೇಳಿಸ್ತಿದೆ ಅಲ್ವಾ?"

ಭಾಮೈದನ ದವಡೆ ಅವನ ಕಣ್ಣ ಮುಂದೆಯೇ ಇತ್ತು. ಆ ದವಡೆಯಿಂದ ಅವನಿಗೆ ಎಲ್ಲವೂ ತಿಳಿದಿತ್ತು: ಯಂತ್ರ ಕೂಗುತ್ತಿದೆ, ಲಗಾಮು ಕಿತ್ತದ್ದಕ್ಕೇ ಕೂಗುತ್ತಿದೆ. ವರ್ಷದಿಂದ ಮಂಕಾದದ್ದು ಪಿಟೀಲಲ್ಲ. ಇಷ್ಟನ್ನೂ ಅವನು ಒಂದು ಉಸಿರಿನಲ್ಲಿ ತಿಳಿದ. ಅಚ್ಚರಿಯೆಂದರೆ ಅದರಿಂದ ಅವನಿಗೆ ಆಘಾತವಾಗಲಿಲ್ಲ. ತುಂಬ ದಿನದಿಂದ ಬಾಗಿಲಲ್ಲಿ ಕಾಯುತ್ತಿದ್ದ, ಸಾಲ ಕೊಟ್ಟವನನ್ನು ಕೊನೆಗೆ ಒಳಗೆ ಕರೆದಂತಾಯಿತು, ಅಷ್ಟೆ. ಅವನು ಹೇಳಿದ: "ನನಗೇನೂ ಕೇಳಿಸ್ತಿಲ್ಲ ಮೇಡಂ."

ಅದು ನಿಜವಾಗಿತ್ತು. ಅವನ ಬಾಯಿಂದ ಬರಬಹುದಾಗಿದ್ದ ಅತಿ ಖಚಿತವಾದ ನಿಜ ಅದು. ಅವಳು ಭಾಮೈದನ ಕಡೆ ನೋಡಿದಳು. ಭಾಮೈದ ಭಾವನ ಕಡೆ ನೋಡಿದ. "ಇಲ್ಲ ಮೇಡಂ. ಕ್ಲೀನಾಗಿದೆ." ಅವಳು ಮೂವರನ್ನೂ ಒಂದೊಂದು ಸಲ ನೋಡಿ, ಕಿವಿಯ ಮೇಲಿನ ಕೈಯನ್ನು ನಿಧಾನ ಕೆಳಗಿಳಿಸಿದಳು. ತಪ್ಪು ಉತ್ತರ ಬರೆದ ಹುಡುಗಿ ಸ್ಲೇಟು ಒರೆಸುವ ಹಾಗೆ. ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಅಂಥ ಸದ್ದುಗಳು ಅವನಿಗೆ ಚೆನ್ನಾಗಿಯೇ ಕೇಳುತ್ತಿದ್ದವು. "ಬಿಡಿ, ಒಂದು ರೆಕಾರ್ಡು ಹಾಕೋಣ" ಎಂದು ಡಾಕ್ಟರು ಅಂದಾಗ ಭಾಮೈದ ಥಟ್ಟನೆ ಮುಂದೆ ಬಂದು, "ಬೇಡ ಡಾಕ್ಟ್ರೇ, ಹೊಸ ವಾಲ್ವು. ಇವತ್ತು ಕಾಯಿಸಿದ್ದು ಸಾಕು. ನಾನು ಹೇಳೋತನಕ ಆನ್ ಮಾಡ್ಬೇಡಿ" ಎಂದು ತಾನೇ ಸ್ವಿಚ್ಚು ಒತ್ತಿದ. ಭಾಮೈದನ ಭುಜಗಳು ಸಡಿಲವಾದದ್ದನ್ನು ನೋಡಿ ಸದ್ದು ನಿಂತಿತೆಂದು ಅವನಿಗೆ ಗೊತ್ತಾಯಿತು.

ಕಾರಿನಲ್ಲಿ ಈಗ ತೊಡೆ ಖಾಲಿಯಾಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಭಾಮೈದ ಮುಂದಿನ ಲಾರಿಯ ಹಿಂಭಾಗವನ್ನೇ ನೋಡುತ್ತ ಕೇಳಿದ, "ನಿಮಗೆ ಕೇಳಿಸ್ಲೇ ಇಲ್ವಾ ಭಾವ?"

"ನೀನು ಯಾಕೆ ಇಲ್ಲ ಅಂದೆ?"

"ಮತ್ತೇನು ಅನ್ಲಿ? ನಮ್ಮ ಭಾವ ಕಿವುಡ, ಬೇರೆ ಕಡೆ ಕೊಡಿ ಅನ್ಲಾ?" ತಾನೇ ಆ ಶಬ್ದ ಬಳಸಿದ್ದಕ್ಕೆ ಇರಿಸುಮುರಿಸಾಗಿ ಭಾಮೈದ ಹಾರ್ನು ಒತ್ತಿದ. "ಇರಲಿ ಬಿಡಿ. ವಾಲ್ವ್ ಸರಿ ಇಲ್ಲ ಅಂತ ಹೇಳಿ ನಾಳೆ ನಾಡಿದ್ದು ಹೋಗಿ ತರ್ತೀನಿ. ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ರೇಡಿಯೋದವನಿಗೆ ಕೊಟ್ರೆ ಸರಿ ಮಾಡಿ ಕೊಡ್ತಾನೆ. ಉಳಿದದ್ದೂ ಅವನೇ ಮಾಡಿದ್ದು."

"ಉಳಿದದ್ದು ಯಾವುದು?"

ಭಾಮೈದ ನಾಲಿಗೆ ಕಚ್ಚಿಕೊಂಡ. ಆಮೇಲೆ, ಬಿಟ್ಟ ಮಾತನ್ನು ಎಳೆದುಕೊಳ್ಳಲಾಗದೆ, ಹೇಳಿದ. ಗುಂಪಿನಲ್ಲಿದ್ದ ಬ್ಯಾಂಕಿನವರದು ವಾಪಸ್ಸು ಬಂದಿತ್ತು. ಚಿತ್ರದ ಮೇಷ್ಟರದು ಬಂದಿತ್ತು. ಕಿವಿಗೆ ಚುಚ್ಚುತ್ತೆ ಅಂದರು. ಭಾವ ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ ಸಾಗಿಸಿ, ಸರಿಮಾಡಿಸಿ, ಕೊಟ್ಟದ್ದಾಗಿತ್ತು. "ನಾನು ಅವತ್ತೇ ಹೇಳೋಣ ಅಂದಿದ್ದೆ. ಅಕ್ಕ ಬೇಡ ಅಂದ್ಲು."

ಅವನಿಗೆ ನೆನಪಾಯಿತು, ಚಿತ್ರದ ಮೇಷ್ಟರು ಒಂದು ದಿನ ಬೀದಿಯಲ್ಲಿ ಸಿಕ್ಕಿ 'ಈಗ ಬಹಳ ಚೆನ್ನಾಗಿದೆ' ಎಂದು ಕೈಹಿಡಿದು ಕುಲುಕಿದ್ದರು. ಈಗ ಅನ್ನುವ ಮಾತನ್ನು ಅವನು ಆಗ ಗಮನಿಸಿರಲಿಲ್ಲ. ಯಾರದೋ ಕೆಲಸಕ್ಕೆ ತಾನು ತಲೆಬಾಗಿ ನಮಸ್ಕಾರ ಮಾಡಿ ಬಂದಿದ್ದ. ಒಟ್ಟು ಆ ವರ್ಷವೆಲ್ಲ ಅವನ ಬೆನ್ನ ಹಿಂದೆ ಜನ ಎದ್ದು ನಿಂತು ಅವನು ಚೆಲ್ಲಿದ್ದನ್ನು ಒರೆಸುತ್ತಿದ್ದರು, ಲಕ್ವ ಹೊಡೆದ ಮುದುಕನ ಹಿಂದೆ ಮನೆಯವರು ಒರೆಸುವ ಹಾಗೆ.

ಮನೆಯಲ್ಲಿ ಯಾರೂ ಕಾಣಲಿಲ್ಲ. ಹೆಂಡತಿ ಮಾಳಿಗೆಯ ಮೇಲಿದ್ದಳು. ಬಚ್ಚಲಿನ ಪಕ್ಕ ಬಟ್ಟೆ ಒಗೆಯುವ ಮೆಷಿನ್ನು ನಿಂತುಹೋಗಿ ಅದರ ಕೆಂಪು ದೀಪ ಹತ್ತಿ ಆರುತ್ತಿತ್ತು. ದಿನವೂ ಅವಳು ಅಡುಗೆಮನೆಯಿಂದ 'ಮೆಷಿನ್ ಕೂಗ್ತಿದೆ, ಬಟ್ಟೆ ತೆಗೀರಿ' ಅನ್ನುತ್ತಿದ್ದಳು. ಹೊತ್ತಿನ ಅಂದಾಜಿನ ಮೇಲೆ ಹಾಗೆ ಹೇಳುತ್ತಾಳೆ, ಎಷ್ಟು ಚೆನ್ನಾಗಿ ಅಂದಾಜು ಹಿಡಿದಿದ್ದಾಳೆ ಎಂದು ಅವನು ಮೆಚ್ಚಿಕೊಂಡಿದ್ದ. ಅವನು ಮೆಷಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ದೀಪವನ್ನು ನೋಡಿದ. ಪ್ರತಿ ಸಲ ಹತ್ತುವಾಗಲೂ ಒಂದು ಕೂಗು. ಹತ್ತಿತು, ಆರಿತು. ಹತ್ತಿತು, ಆರಿತು. ಗಾಜಿನ ಆಚೆಯಿಂದ ಯಾರೋ ಬಾಯಿ ಮಾತ್ರ ಆಡಿಸುತ್ತಿರುವ ಹಾಗೆ. ಹೆಂಡತಿ ಬಂದು ಹಿಂದೆ ನಿಂತದ್ದು ತಿಳಿದಾಗ ಅವನು ಏಳಲಿಲ್ಲ.

"ಯಾವಾಗಿಂದ ಗೊತ್ತು ನಿನಗೆ?"

"ಏನು?"

"ನಾಟಕ ಬೇಡ. ನಿನ್ನ ತಮ್ಮ ಬಾಯಿ ಬಿಟ್ಟಿದ್ದಾನೆ."

"ಅವನ ಬಾಯಿಗೆ ಚಿಲಕ ಎಲ್ಲಿದೆ." ಅವಳು ಅವನ ತಲೆಯ ಮೇಲಿಂದ ಬಾಗಿ ಮೆಷಿನ್ನಿನ ಬಾಗಿಲು ತೆಗೆದಳು. ದೀಪ ಆರಿತು. "ಹೇಳೋದು ಹೇಗೆ ಅಂತ ತಿಳೀಲಿಲ್ಲ. ಮೆತ್ತಗೆ ಹೇಳಿದ್ರೆ ನಿಮಗೆ ಕೇಳಲ್ಲ. ಜೋರಾಗಿ ಹೇಳಿದ್ರೆ ಬೀದಿಗೆಲ್ಲ ಕೇಳುತ್ತೆ."

ಅವನಿಗೆ ನಗು ಬಂತು, ನಗಬಾರದೆಂದು ತಡೆದುಕೊಂಡ. ಒದ್ದೆ ಬಟ್ಟೆಗಳನ್ನು ಅವಳು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಾಗ ಅವನು ಡಾಕ್ಟರ ಮನೆಯಲ್ಲಿ ನಡೆದದ್ದನ್ನು ಹೇಳಿದ. ಬೇರೆ ಯಾರದೋ ಸಮಾಚಾರದಂತೆ ಹೇಳಿದ, ತನ್ನ ಮಾತು ನಿಜವೇ ಆಗಿತ್ತು ಅನ್ನುವುದನ್ನೂ ಸೇರಿಸಿದ. ಅವಳ ಕೈ ನಿಂತಿತು.

"ಅವಳಿಗೆ ಏನಂದ್ರಿ ಆಮೇಲೆ?"

"ಏನನ್ನೋದು? ನಾಳೆ ನಿನ್ನ ತಮ್ಮ ಹೋಗಿ ಪೆಟ್ಟಿಗೆ ತರ್ತಾನೆ."

"ಪೆಟ್ಟಿಗೆ ತರ್ತಾನೆ. ಸರಿ," ಎಂದಳು, ಬುಟ್ಟಿಯನ್ನು ಸೊಂಟಕ್ಕೇರಿಸಿ ಮಾಳಿಗೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅವನು ಅಂಗಡಿಗೆ ಹೋಗದೆ, ಬೆಸುಗೆ ಕಡ್ಡಿ, ಇಕ್ಕಳ, ಡಾಕ್ಟರ ಯಂತ್ರದಿಂದ ಕಿತ್ತಿದ್ದ ಬೇಳೆಯಷ್ಟು ದಪ್ಪದ ಆ ಕೆಪಾಸಿಟರು ಇದ್ದ ಚೀಲ ಹಿಡಿದು ಬಸ್ಸು ಹತ್ತಿದ. ಒಳ್ಳೆಯ ಮನುಷ್ಯನಾಗುವ ಆಸೆ ಅವನಿಗೆ ಯಾವತ್ತೂ ಅಷ್ಟಾಗಿ ಇದ್ದದ್ದಲ್ಲ. ಕಿವಿಯಿಂದ ಕೆಳಗಿಳಿದ ಆ ಕೈ ರಾತ್ರಿ ಕೆಲವು ಸಲ ಕಂಡಿತ್ತು, ಅದು ಹೌದು. ಆದರೆ ಅದರ ಜೊತೆಗೇ ಇನ್ನೊಂದು ಲೆಕ್ಕವೂ ಇತ್ತು: ಡಾಕ್ಟರು ಕ್ಲಿನಿಕ್ಕಿಗೆ ಹೋಗಿರುತ್ತಾರೆ, ಅವಳೊಬ್ಬಳೇ ಇರುತ್ತಾಳೆ, ಹೇಳುವುದನ್ನು ಅವಳೊಬ್ಬಳಿಗೇ ಹೇಳಿ, ಕೆಪಾಸಿಟರು ಕೂರಿಸಿ ಬಂದರೆ ಭಾನುವಾರದ ಗುಂಪಿಗೆ ಏನೂ ತಿಳಿಯಬೇಕಾಗಿಲ್ಲ. ಹೆಸರೂ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಹೇಳಬೇಕಾದ ಮಾತನ್ನು ನಾಲ್ಕಾರು ಬಗೆಯಲ್ಲಿ ಜೋಡಿಸಿ ನೋಡಿದ. ಕಂಡಕ್ಟರು ಬಹುಶಃ ಎರಡು ಸಲ ಟಿಕೆಟ್ಟು ಕೇಳಿದ್ದಿರಬೇಕು, ಮೂರನೆಯ ಸಲ ಭುಜ ತಟ್ಟಿದ.

ಬಾಗಿಲು ತೆರೆದ ಡಾಕ್ಟರ ಹೆಂಡತಿಯ ಕಣ್ಣುಗಳು ಬಾತುಕೊಂಡಿದ್ದವು. "ಅವರು ಕ್ಲಿನಿಕ್ಕಿಗೆ ಹೋದ್ರು."

"ಗೊತ್ತು. ಅದಕ್ಕೇ ಬಂದೆ," ಎಂದ. ಅಂದ ಮೇಲೆ ಅದು ಹೇಗೆ ಕೇಳಿಸುತ್ತದೆಂದು ಹೊಳೆದು, ಜೋಡಿಸಿಟ್ಟುಕೊಂಡಿದ್ದೆಲ್ಲ ಚದುರಿ, ಹೊಸ್ತಿಲ ಮೇಲೆಯೇ ಹೇಳಿಬಿಟ್ಟ: "ನಿನ್ನೆ ನಿಮಗೆ ಕೇಳಿಸಿದ್ದು ನಿಜ. ಅದು ಕೂಗ್ತಾ ಇತ್ತು. ನನಗೆ ಕೇಳಲ್ಲ, ಅಷ್ಟೆ. ಕಿವಿ ಹೋಗಿದೆ."

ಅವಳು ಬಾಗಿಲಿನ ಚಿಲಕದಿಂದ ಕೈ ತೆಗೆದಳು. "ನಿಮ್ಮ ಜೊತೆ ಬಂದಿದ್ದ ಆ ಹುಡುಗನಿಗೆ?"

"ಕೇಳಿಸಿತ್ತು."

"ಇಲ್ಲ ಅಂದ್ರಲ್ಲ."

"ಹೌದು."

"ನೀವೂ ಇಲ್ಲ ಅಂದ್ರಿ."

"ನನಗೆ ನಿಜವಾಗ್ಲೂ..."

"ಆ ಹುಡುಗನ ಮುಖ ನೋಡಿಕೊಂಡು ಅಂದ್ರಿ. ನಾನೂ ಅದನ್ನೇ ನೋಡ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಯ ಮಾತ್ರೆಯಿಂದ ನಾಲಿಗೆ ತುಸು ದಪ್ಪವಾಗಿತ್ತು. "ರಾತ್ರಿ ಅವರೇ ಮಾತ್ರೆ ಕೊಟ್ರು, ನೀರು ತಂದು. ಪಕ್ಕದಲ್ಲಿ ಕೂತು ತಲೆ ನೇವರಿಸಿದ್ರು. ನಾನೂ ಇದು ನನ್ನ ರೋಗವೇ ಇರಬಹುದೇನೋ ಅಂದ್ಕೊಂಡೆ."

ಕ್ಷಮಿಸುತ್ತಾಳೆ, ಇಲ್ಲವೇ ಬೈಯುತ್ತಾಳೆ, ಎರಡಕ್ಕೂ ಅವನು ತಯಾರಾಗಿ ಬಂದಿದ್ದ. ಅವಳು ಎರಡನ್ನೂ ಮಾಡದೆ ದಾರಿ ಬಿಟ್ಟು ನಿಂತಳು. ಅವನು ಒಳಗೆ ಹೋಗಿ ಆಂಪ್ಲಿಫೈಯರಿನ ಮುಂದೆ ಕೂತು ಚೀಲ ಬಿಚ್ಚಿದ. "ಸ್ವಲ್ಪ ಹೊತ್ತಿನ ಕೆಲಸ. ಅವರು ಬರೋದರೊಳಗೆ ಸರಿ ಆಗಿರುತ್ತೆ."

"ಮುಟ್ಟಬೇಡಿ."

ಅವನು ತಿರುಗಿ ನೋಡಿದ.

"ಸರಿ ಮಾಡಿಬಿಟ್ರೆ ನಾಳೆ ನಾನು ಏನು ತೋರಿಸ್ಲಿ ಅವರಿಗೆ? ಇವತ್ತು ಸದ್ದಿಲ್ಲ ನೋಡಿ, ಅಂದ್ರೆ ನಿನ್ನೆ ಇತ್ತು ಅಂತಲಾ? ಮಾತ್ರೆ ಹಿಡೀತು ಅಂತಾರೆ." ಅವಳು ಫೋನು ಎತ್ತಿಕೊಂಡಳು. "ಅದು ಹಾಗೇ ಇರಲಿ. ಅವರು ಬರಲಿ. ನನಗೆ ಹೇಳಿದ್ದನ್ನ ಅವರ ಮುಂದೆ ಹೇಳಿ." ಫೋನಿನಲ್ಲಿ ಅವಳ ಮಾತು ಚಿಕ್ಕದಾಗಿತ್ತು. "ಊಟಕ್ಕೆ ಮನೆಗೆ ಬನ್ನಿ... ಇಲ್ಲ, ನನಗೇನೂ ಆಗಿಲ್ಲ. ನಿಮ್ಮ ಆಂಪ್ಲಿಫೈಯರಿಗೆ ಆಗಿದೆ."

ಕಾಯುವಾಗ ಅವಳು ನೀರು ಬೇಕೇ ಎಂದೂ ಕೇಳಲಿಲ್ಲ. ಅವನು ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಎದ್ದು ಹೋಗಬಹುದಿತ್ತು, ಬಾಗಿಲು ಓರೆ ತೆರೆದೇ ಇತ್ತು. ಡಾಕ್ಟರಿಗೆ ತಿಳಿದರೆ ಭಾನುವಾರಕ್ಕೆ ತಿಳಿಯುತ್ತದೆ, ಭಾನುವಾರಕ್ಕೆ ತಿಳಿದರೆ ಅಂಗಡಿಯ ಹಿಂದಿನ ಕೋಣೆಗೆ ಬೀಗ. ಭಾಮೈದ ಮುಂದಿನ ಭಾಗದಲ್ಲಿ ಹೊಸ ಸಾಮಾನು ಮಾರುತ್ತಾನೆ, ಅವನು ಬೆಲೆಯ ಚೀಟಿ ಅಂಟಿಸಬಹುದು, ಗಿರಾಕಿಗಳಿಗೆ ಕುರ್ಚಿ ಹಾಕಬಹುದು. ಹಳೆಯ ಯಜಮಾನ ಕೊನೆಗಾಲದಲ್ಲಿ 'ಎಲ್ಲರೂ ಗೊಣಗುತ್ತಾರೆ, ಬಾಯಿ ಬಿಟ್ಟು ಮಾತಾಡುವವರೇ ಇಲ್ಲ' ಎಂದು ಬೈಯುತ್ತಿದ್ದ. ಅದನ್ನು ಅವನು ಮುಪ್ಪಿನ ಸಿಡುಕು ಎಂದುಕೊಂಡಿದ್ದ. ಈಗ ಆ ಮನುಷ್ಯನ ಕೆಲಸಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದು, ಅವುಗಳಲ್ಲಿ ಯಾವುದನ್ನು ಕಿವಿಯಿಂದ ಮಾಡಿದ್ದ, ಯಾವುದನ್ನು ಅಭ್ಯಾಸಬಲದಿಂದ ಮಾಡಿದ್ದ ಎಂದು ತೂಗಿ ನೋಡುವುದರಲ್ಲಿ ಹೊತ್ತು ಹೋಯಿತು. ಡಾಕ್ಟರು ಬಂದಾಗಲೂ ಅವನು ಕೂತೇ ಇದ್ದ. ಧೈರ್ಯದಿಂದಲ್ಲ. ಏಳುವುದಕ್ಕೆ ಒಂದು ಕಾರಣ ಸಿಕ್ಕಿರಲಿಲ್ಲ.

ಡಾಕ್ಟರು ಎಲ್ಲವನ್ನೂ ಕೇಳಿದರು. ಕೇಳಿ ನಕ್ಕರು. "ಅಂದ್ರೆ ನನಗೂ ಕಿವಿ ಕೇಳಲ್ಲ ಅಂತೀರಾ? ಕರುವಿನ ಎದೆ ಬಡಿತದಲ್ಲಿ ಒಂದು ಹೊಡೆತ ತಪ್ಪಿದ್ರೆ ಹೇಳ್ತೀನಿ ಕಣ್ರೀ ನಾನು."

"ಅದು ಕೆಳಗಿನ ಸದ್ದು ಡಾಕ್ಟ್ರೇ. ಇದು ಮೇಲಿನದು. ನಮ್ಮ ವಯಸ್ಸಿಗೆ ಮೊದಲು ಹೋಗೋದೇ ಅದು."

ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟರು. ದನಿ ತಗ್ಗಿಸಿ, ಆದರೆ ಹೆಂಡತಿಗೆ ಕೇಳುವಷ್ಟು ಜೋರಾಗಿಯೇ, "ಒಳ್ಳೇ ಮನಸ್ಸು ನಿಮ್ಮದು. ಇವಳ ಸಮಾಧಾನಕ್ಕೆ ನಿಮ್ಮ ಹೆಸರು ಯಾಕೆ ಹಾಳು ಮಾಡ್ಕೊಳ್ತೀರಿ?" ಅಂದರು.

ಇದನ್ನು ಅವನು ಎಣಿಸಿರಲಿಲ್ಲ. ಮರ್ಯಾದೆಯನ್ನು ತಟ್ಟೆಯಲ್ಲಿಟ್ಟು ವಾಪಸ್ಸು ಕೊಡುತ್ತಿದ್ದರು, ತಲೆಯಾಡಿಸಿದರೆ ಸಾಕಾಗಿತ್ತು. ಅವನ ಕತ್ತು ಅರೆಕ್ಷಣ ಆಡಲು ತಯಾರಾದದ್ದೂ ಅವನಿಗೆ ತಿಳಿಯಿತು.

"ನಿಮ್ಮ ಹಸುಗಳು ಬಾಯಿ ಬಿಟ್ಟು ಹೇಳಿದ್ರೂ ನೀವು ನಂಬ್ತಿರಲಿಲ್ಲ," ಅಂದಳು ಅವಳು. ಆಮೇಲೆ ಅವನ ಕಡೆ ತಿರುಗಿ, "ಆ ಸದ್ದನ್ನ ಬೇಕಾದಾಗ ಬರೋ ಹಾಗೆ, ಬೇಕಾದಾಗ ನಿಲ್ಲೋ ಹಾಗೆ ಮಾಡೋಕಾಗುತ್ತಾ? ನಾನು ಒಳಗಿರ್ತೀನಿ. ಬಾಗಿಲು ಹಾಕ್ಕೊಂಡು."

ಆಗುತ್ತಿತ್ತು. ಅವನು ಯಂತ್ರವನ್ನು ಮಗುಚಿ, ಕೆಪಾಸಿಟರಿನ ಒಂದು ಕಾಲನ್ನು ಅದರ ಜಾಗಕ್ಕೆ ಬೆಸೆದು, ಇನ್ನೊಂದು ಕಾಲಿನಿಂದ ಒಂದು, ಅದು ಸೇರಬೇಕಾದ ಜಾಗದಿಂದ ಒಂದು, ಹೀಗೆ ಎರಡು ತುಂಡು ತಂತಿ ಹೊರಗೆ ತಂದ. ತುದಿಗಳು ಕೂಡಿದರೆ ಲಗಾಮು ಬೀಳುತ್ತದೆ, ಸದ್ದು ನಿಲ್ಲುತ್ತದೆ. ಬಿಟ್ಟರೆ ಕೂಗುತ್ತದೆ. "ಇಲ್ಲಿ ಶಾಕ್ ಹೊಡೆಯಲ್ಲ, ಹಿಡೀರಿ," ಎಂದು ಅವನು ಅವನ್ನು ಡಾಕ್ಟರ ಕೈಗೇ ಕೊಟ್ಟ. ಅವಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ವಾಲ್ವ್‌ಗಳು ಕಾದವು. ಅವನು ವಾಲ್ಯೂಮು ತಿರುಗಿಸಿದ. ಕೋಣೆಯಲ್ಲಿ ಏನೂ ಇರಲಿಲ್ಲ.

"ಇದೆ," ಬಾಗಿಲ ಆಚೆಯಿಂದ ಅವಳು ಅಂದಳು.

ಡಾಕ್ಟರು ತುದಿಗಳನ್ನು ಕೂಡಿಸಿದರು. ಒಳಗಿನಿಂದ, "ಹೋಯ್ತು."

ಬಿಟ್ಟರು. "ಬಂತು." ಡಾಕ್ಟರು ಈಗ ಅವನ ಕಡೆ ಕಣ್ಣು ಮಿಟುಕಿಸಿ, ಕೂಡಿಸುವಂತೆ ನಟಿಸಿ, ಕೂಡಿಸದೆ ಹಿಡಿದರು. ಒಳಗಿನಿಂದ ಮಾತಿಲ್ಲ. ಆಮೇಲೆ, "ಇದ್ದೇ ಇದೆ." ಕೂಡಿಸಿ ಥಟ್ಟನೆ ಬಿಟ್ಟು ಮತ್ತೆ ಕೂಡಿಸಿದರು. "ಏನು, ಆಟ ಆಡ್ತಿದ್ದೀರಾ? ಹೋಗಿ ಬಂದು ಹೋಯ್ತು." ದೊಡ್ಡ ಬೆರಳುಗಳ ನಡುವೆ ತಂತಿ ಕೂದಲಿನಂತೆ ಕಾಣುತ್ತಿತ್ತು. ನಗು ಡಾಕ್ಟರ ಮುಖದಿಂದ ಯಾವಾಗ ಇಳಿಯಿತೆಂದು ಹೇಳಲಾಗುತ್ತಿರಲಿಲ್ಲ. ಅವರು ಮೊಣಕಾಲೂರಿ ಸ್ಪೀಕರಿಗೆ ಕಿವಿ ಹಚ್ಚಿದರು. ಕೂಡಿಸಿದರು, ಬಿಟ್ಟರು, ಕೂಡಿಸಿದರು. ಈಗ ಅವರು ಪರೀಕ್ಷೆ ಮಾಡುತ್ತಿದ್ದದ್ದು ಅವಳನ್ನಲ್ಲ. ಒಳಗಿನಿಂದ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು, ಬರುಬರುತ್ತ ಬೇಸರ ತುಂಬಿದ ದನಿಯಲ್ಲಿ: ಇದೆ, ಇಲ್ಲ, ಇದೆ. ಕೂಡಿದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ಅವನಿಗೆ ಕಾಣುತ್ತಿದ್ದ ವ್ಯತ್ಯಾಸ ಆ ದನಿಯೊಂದೇ.

ಡಾಕ್ಟರು ಏಳದೆ, ಅವನ ಕಡೆ ನೋಡದೆ ಕೇಳಿದರು. "ಹಾಗಾದ್ರೆ ನೀವು ಈ ಕೆಲಸ ಮುಂದೆ ಮಾಡೋದು ಹೇಗೆ?"

"ಗೊತ್ತಿಲ್ಲ."

"ಗುಂಪಿನವರಿಗೆ ಹೇಳ್ಬೇಕಾಗುತ್ತೆ ನಾನು. ಅವರ ಮನೇಲೂ ನಿಮ್ಮ ಕೈ ಆಡಿದ ಯಂತ್ರಗಳಿವೆ."

"ಹೇಳಿ."

"ನನ್ನ ಕಿವಿ ವಿಷಯ ಹೇಳಲ್ಲ," ಎಂದು ಡಾಕ್ಟರು ಸೇರಿಸಿದರು. ಹೇಳಿ ನಾಚಿಕೊಂಡವರಂತೆ ಮತ್ತೆ ತಂತಿ ಕೂಡಿಸಿದರು.

ಬಾಗಿಲು ತೆರೆಯಿತು. "ಸಾಕು. ಇನ್ನು ಸರಿ ಮಾಡಿ ಅದನ್ನ," ಅಂದಳು ಅವಳು.

ಅವನು ಸ್ವಿಚ್ಚು ಆರಿಸಿ, ತಂತಿಗಳನ್ನು ಕಿತ್ತು, ಕೆಪಾಸಿಟರಿನ ಎರಡನೆಯ ಕಾಲನ್ನು ಅದರ ಜಾಗಕ್ಕೆ ಬೆಸೆದ. ಬೆಸುಗೆ ಹೊಳೆಯುವ ಸಣ್ಣ ಹನಿಯಾಗಿ ಕೂತಿತು. ಕಿವಿ ಹೋದರೂ ಕೈಗೆ ಏನೂ ಆಗಿರಲಿಲ್ಲ. ಯಂತ್ರವನ್ನು ನೇರ ಮಾಡಿ ಮತ್ತೆ ಹಚ್ಚಿದ. ವಾಲ್ವ್‌ಗಳು ಮತ್ತೆ ಕಿತ್ತಳೆ ಬಣ್ಣಕ್ಕೆ ಬಂದವು. ಆಮೇಲೆ ಅವನು ಗುಂಡಿಯನ್ನು ಬಲತುದಿಯವರೆಗೆ ತಿರುಗಿಸಿ ಕೈ ತೆಗೆದ. ಈ ಸಲ ಕಣ್ಣು ಮುಚ್ಚಲಿಲ್ಲ, ಅದರಿಂದ ಪ್ರಯೋಜನವಿರಲಿಲ್ಲ. ಡಾಕ್ಟರೂ ಅವನೂ ಸ್ಪೀಕರಿಗೆ ಬೆನ್ನು ಮಾಡಿ, ಪಕ್ಕಪಕ್ಕ ನಿಂತು, ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕೋಣೆಯ ನಡುವೆ ನಿಂತಿದ್ದಳು. ತಲೆಯನ್ನು ತುಸು ಒಂದು ಬದಿಗೆ ವಾಲಿಸಿದಳು, ಆಮೇಲೆ ಇನ್ನೊಂದು ಬದಿಗೆ. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

"ಹೋಯ್ತಾ?" ಡಾಕ್ಟರು ಕೇಳಿದರು.

ಅವಳು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದಳು. ಇನ್ನೂ ಕೇಳುತ್ತಿದ್ದಳು.